ಮೇಜಿನೊಳಗಿನ ಹೆಸರು

ಪ್ಯಾರಿಸ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮನ ಮಂಡಿನೋವು ಇಳಿದಿದೆ ಎಂದು ತಮ್ಮ ಹೇಳಿದ, ಸಮಾಧಾನವಾಯಿತು. ದಿನವೆಲ್ಲ ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ತಿಂಗಳು ದುರಸ್ತಿಗೆಂದು ನನ್ನ ಪಾಲಿಗೆ ಬಂದಿರುವುದು ಫ್ರಾನ್ಸಿನ ಹದಿನಾರನೇ ಲೂಯಿ ದೊರೆಯ ಕಾಲದ ಒಂದು ಡ್ರಾಯರ್ ಮೇಜು. ಕೆಳಕ್ಕೆ ಬಂದಂತೆ ಸಣ್ಣಗಾಗುವ ಕಾಲುಗಳು. ಇವಕ್ಕೆ ಇಲ್ಲಿಯೂ ಬುಗುರಿ ಕಾಲು ಎಂದೇ ಹೆಸರು. ಅಂಚಿಗೆ ಹಿತ್ತಾಳೆಯಂತೆ ಹೊಳೆಯುವ ಕಂಚಿನ ಹೂಮಾಲೆ. ಪಾದರಸದಲ್ಲಿ ಚಿನ್ನ ಬೆರೆಸಿ ಹಚ್ಚಿ, ಬೆಂಕಿಗೆ ಹಿಡಿದು ಪಾದರಸವನ್ನು ಹಾರಿಸಿದರೆ ಚಿನ್ನದ ಲೇಪ ನಿಲ್ಲುತ್ತದೆ. ಆ ಹೊಗೆ ಕುಡಿದ ಕೆಲಸಗಾರರ ಆರೋಗ್ಯ ಹಾಳಾಗುತ್ತಿತ್ತು. ಅದು ತಿಳಿದ ಮೇಲೆ ಆ ಹೊಳಪನ್ನು ನಾನು ಮೊದಲಿನ ಹಾಗೆ ನೋಡಲಾರೆ.

ಹಿಂದಿನ ದೊರೆ ಹದಿನೈದನೇ ಲೂಯಿಯ ಕಾಲದಲ್ಲಿ ಎಲ್ಲವೂ ಬಳ್ಳಿಯಂತೆ ಬಳುಕಬೇಕಿತ್ತು. 1738ರಲ್ಲಿ ಹರ್ಕ್ಯುಲೇನಿಯಮ್, 1748ರಲ್ಲಿ ಪೊಂಪೇಯಿ ಎಂಬ ಹೂತುಹೋದ ರೋಮನ್ ಊರುಗಳ ಅಗೆತ ಶುರುವಾಯಿತು. ಅಲ್ಲಿನ ಚಿತ್ರಗಳು ಹರಡುತ್ತಾ ಬಂದಂತೆ ರುಚಿಯೂ ಬದಲಾಯಿತು: ನೇರ ಗೆರೆ, ಕಂಬದ ಮೇಲಿರುವಂಥ ಉದ್ದುದ್ದ ಗೀರು, ಕಲಶ, ಟಗರಿನ ತಲೆ. ನನಗೆ ಈ ನೇರವೇ ಇಷ್ಟ. ಬಳುಕಿನಲ್ಲಿ ಕೈ ತಪ್ಪಿದರೂ ಮುಚ್ಚಿಹೋಗುತ್ತದೆ, ನೇರದಲ್ಲಿ ಕೂದಲೆಳೆಯಷ್ಟು ತಪ್ಪೂ ಕಾಣುತ್ತದೆ.

ನೀವು ಬೀಟೆಯನ್ನು ಉಳಿಯಿಂದ ತೋಡಿ, ಬಣ್ಣಬಣ್ಣದ ಮರದ ಚೂರುಗಳನ್ನು ಅದರೊಳಗೆ ಕೂರಿಸುತ್ತೀರಿ. ಇಲ್ಲಿ ಹಾಗಲ್ಲ. ಮರದ ತೆಳು ಹಾಳೆಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ, ಚಿತ್ರ ಜೋಡಿಸಿ, ಇಡೀ ಚಿತ್ರವನ್ನು ಓಕ್ ಮರದ ಮೈಮೇಲೆ ಅಂಟಿಸುತ್ತಾರೆ. ಅಂಟು ಮಾತ್ರ ನಮ್ಮ ಮರವಜ್ರವೇ. ಮೊನ್ನೆ ಎದ್ದುಬಂದ ಒಂದು ಎಲೆಯ ಕೆಳಗೆ ಹದ ಬಿಸಿಯ ನೀರು ಸೋಕಿಸಿದೆ. ಇನ್ನೂರು ವರ್ಷ ದಾಟಿದ ಅಂಟು ಮೆತ್ತಗಾಗಿ ಕೈಗೆ ಬಂತು. ಮೂಗಿಗೆ ಬಂದದ್ದು ನಿಮ್ಮ ಹಳೆಯ ಅಂಟಿನ ಬೋಗುಣಿಯ ವಾಸನೆ. ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ಕುಳಿತೆ.

ಕಳೆದ ಭಾನುವಾರ ವರ್ಸೈ ಅರಮನೆಗೆ ಹೋಗಿದ್ದೆ. ಹದಿನೈದನೇ ಲೂಯಿಯ ಬರೆಯುವ ಮೇಜನ್ನು ನೋಡಿದೆ. 1760ರಲ್ಲಿ ಓಬೆನ್ ಎಂಬ ಬಡಗಿ ಶುರು ಮಾಡಿದ್ದು. ಅವನು ತೀರಿಕೊಂಡ ಮೇಲೆ ಅವನ ಕೈಕೆಳಗೆ ಕಲಿತ ರೀಸೆನರ್ 1769ರಲ್ಲಿ ಮುಗಿಸಿದ. ಮೈ ಇನ್ನೂ ಬಳುಕಿನದೇ, ಆದರೆ ಹೊಸ ಗಾಂಭೀರ್ಯ ಆಗಲೇ ಇಳಿದಿದೆ. ಅದರ ಮೇಲೆ ರೀಸೆನರ್ ತನ್ನ ಹೆಸರು, ಇಸವಿಯನ್ನು ಮರದಲ್ಲೇ ಜೋಡಿಸಿದ್ದಾನೆ, ಅಪ್ಪ! ಕ್ರಾಂತಿಯಾದ ಮೇಲೆ ಅರಮನೆಯ ಸಾಮಾನುಗಳು ಹರಾಜಾದಾಗ ತಾನು ಮಾಡಿದ ಕೆಲವನ್ನು ಅವನೇ ಕೊಂಡುಕೊಂಡ. 1794ರಲ್ಲಿ ತನ್ನ ಕೆಲಸದ ಮೇಲಿದ್ದ ರಾಜಚಿಹ್ನೆಗಳನ್ನು ಕೀಳುವ ಕೆಲಸವೂ ಅವನ ಪಾಲಿಗೇ ಬಂತು. 1806ರಲ್ಲಿ ಬಡವನಾಗಿ ಸತ್ತ. ಹೆಸರು ಮಾತ್ರ ಅಲ್ಲೇ ಇದೆ.

ಅದೇ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ 1788ರ ಆಗಸ್ಟ್ 10ರಂದು ನಮ್ಮ ಟಿಪ್ಪುವಿನ ಮೂವರು ರಾಯಭಾರಿಗಳನ್ನು ಹದಿನಾರನೇ ಲೂಯಿ ಬರಮಾಡಿಕೊಂಡಿದ್ದ. ಮೈಸೂರಿನವರ ಹೆಜ್ಜೆ ಬಿದ್ದ ನೆಲ ಎಂದು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಒಂದು ಮಾತು ಕೇಳುತ್ತೇನೆ, ನಡೆಸಿಕೊಡಿ. ಪ್ಯಾರಿಸಿನ ಬಡಗಿಗಳ ಸಂಘ ಆಗ ಮಾಡಿದವನ ಮುದ್ರೆಯನ್ನು ಕಡ್ಡಾಯ ಮಾಡಿತ್ತು. ನನ್ನ ಮೇಜಿನಲ್ಲೂ ಡ್ರಾಯರ್ ತೆಗೆದರೆ ಒಳಚೌಕಟ್ಟಿನಲ್ಲಿ ಮುದ್ರೆ ಬೆರಳಿಗೆ ಸಿಗುತ್ತದೆ. ನಲವತ್ತು ವರ್ಷ ನೀವು ಕೂರಿಸಿದ ಆನೆ, ಅಂಬಾರಿಗಳ ಹಿಂದೆ ಅಂಗಡಿಯ ಚೀಟಿ ಬಿಟ್ಟರೆ ಏನೂ ಇಲ್ಲ. ಈಗ ಮಾಡುತ್ತಿರುವ ಜಂಬೂಸವಾರಿ ಫಲಕವನ್ನು ಕೊಡುವ ಮೊದಲು ಹಿಂಬದಿಯಲ್ಲಿ ನಿಮ್ಮ ಹೆಸರು, ಇಸವಿ ಕೊರೆಯಿರಿ. ಸಣ್ಣ ಉಳಿ ಸಾಕು. ತಮ್ಮನಿಗೆ ಹೇಳಿ ಫೋಟೋ ತೆಗೆಸಿ ಕಳುಹಿಸಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು