ರಿಮೋಟ್ ಮಕ್ಕಳ ಕೈಗೆ ಕೊಟ್ಟು ಎದ್ದು ಹೋಗಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬೇಸಿಗೆ ರಜೆಗೆ ಮಕ್ಕಳು ನೋಡಬಹುದಾದ ಅನಿಮೇಷನ್ ಸಿನಿಮಾಗಳ ಪಟ್ಟಿ ಬಂದಿತ್ತು. ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, ಮಕ್ಕಳ ಕೈಗೆ ರಿಮೋಟ್ ಕೊಟ್ಟುಬಿಟ್ಟರೆ ಎರಡು ಗಂಟೆ ದೊಡ್ಡವರು ನೆಮ್ಮದಿಯಾಗಿ ತಮ್ಮ ಕೆಲಸ ನೋಡಿಕೊಳ್ಳಬಹುದು ಅಂತ, ಅದನ್ನು ಓದಿ ಕಾಫಿ ಲೋಟ ಕೆಳಗಿಟ್ಟೆ. ಆ ಪಟ್ಟಿಯಲ್ಲಿ ಮೂರನೆಯದೋ ನಾಲ್ಕನೆಯದೋ ‘ಟಾಯ್ ಸ್ಟೋರಿ 3’. ಅದನ್ನು ಹಾಕಿಕೊಟ್ಟು ಅಡುಗೆಮನೆಗೆ ಹೋದವರು ಏನು ಕಳಕೊಂಡರು ಅಂತ ಹೇಳಬೇಕು ಅನ್ನಿಸಿತು. ಪತ್ರ ಸ್ವಲ್ಪ ಉದ್ದ ಆಗುತ್ತೆ. ಜಾಗ ಇಲ್ಲದಿದ್ದರೆ ಕತ್ತರಿಸಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ, ನಾನೂ ಅದನ್ನು ಮಕ್ಕಳ ಸಿನಿಮಾ ಅಂದುಕೊಂಡವಳೇ. 2010ರಲ್ಲಿ ಅದು ಬಂದಾಗ ನನ್ನ ಮಗನಿಗೆ ನಾಲ್ಕು ವರ್ಷ. ಬೆಂಗಳೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆವು, ಅವಳ ಮಕ್ಕಳೆಲ್ಲ ಹೊರಟರು ಅಂತ ನಮ್ಮವನನ್ನೂ ಎತ್ತಿಕೊಂಡು ಹೋದೆ. ನನಗೆ ನೆನಪಿರುವುದು ಎರಡೇ. ಒಂದು, ಪಾಪ್‌ಕಾರ್ನ್ ರೇಟು. ಇನ್ನೊಂದು, ಕಸ ಸುಡುವ ಬೆಂಕಿಯ ಗುಂಡಿಗೆ ಗೊಂಬೆಗಳೆಲ್ಲ ಜಾರಿಕೊಂಡು ಹೋಗುವ ದೃಶ್ಯ. ನಮ್ಮವನು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ‘ಮನೆಗೆ ಹೋಗೋಣ’ ಅಂತ ಒಂದೇ ಹಟ. ಅವನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಹಾಗಾಗಿ ಕೊನೆಯ ಹದಿನೈದಿಪ್ಪತ್ತು ನಿಮಿಷ ನಾನು ನೋಡಲೇ ಇಲ್ಲ. ಸಿನಿಮಾ ಇರುವುದೇ ಅಲ್ಲಿ ಅಂತ ಗೊತ್ತಾಗಲು ಹದಿನಾಲ್ಕು ವರ್ಷ ಬೇಕಾಯಿತು.

ಹೋದ ವರ್ಷ ಆಗಸ್ಟಿನಲ್ಲಿ ಅದೇ ಹುಡುಗ ಎಂಜಿನಿಯರಿಂಗ್‌ಗೆ ಅಂತ ಹಾಸ್ಟೆಲಿಗೆ ಹೊರಟ. ಹಿಂದಿನ ರಾತ್ರಿ ಹಾಲ್ ತುಂಬ ಸಾಮಾನು. ಬಕೆಟ್ಟು, ಮಗ್ಗು, ಚಟ್ನಿಪುಡಿ ಡಬ್ಬ, ಹೊಸ ಬೆಡ್‌ಶೀಟು, ಎರಡು ಬೀಗ. ನಾನು ಚೀಟಿ ಹಿಡಿದು ಒಂದೊಂದಕ್ಕೇ ಗೆರೆ ಎಳೆಯುತ್ತಾ ಕೂತಿದ್ದೆ. ಇವನು ಬಂದು ‘ಅಮ್ಮ, ಅದನ್ನೆಲ್ಲ ಬಿಡು, ಒಂದು ಸಿನಿಮಾ ನೋಡೋಣ’ ಅಂತ ಟೀವಿ ಹಾಕಿದ. ಯಾವುದು ಅಂದರೆ ಇದೇ. ಸುಮ್ನೆ ಹಾಕಿದನೋ, ಬೇಕು ಅಂತಲೇ ಹಾಕಿದನೋ, ನಾನು ಕೇಳಲಿಲ್ಲ. ನಮ್ಮತ್ತೆಯೂ ಹೂಬತ್ತಿ ಮಾಡುತ್ತಾ ಬಂದು ಕೂತರು. ಅವರಿಗೆ 78 ವರ್ಷ. ಇಂಗ್ಲಿಷ್ ಬರುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಅಮೆರಿಕದ ಹುಡುಗ ಆಂಡಿ, ಅವನ ಗೊಂಬೆಗಳು. ಯಾರೂ ನೋಡದಿದ್ದಾಗ ಗೊಂಬೆಗಳು ಎದ್ದು ಓಡಾಡುತ್ತವೆ, ಜಗಳ ಆಡುತ್ತವೆ. 1995ರಲ್ಲಿ ಪಿಕ್ಸಾರ್ ಅನ್ನುವ ಅನಿಮೇಷನ್ ಕಂಪನಿಯವರು ಮೊದಲನೆಯದನ್ನು ತೆಗೆದಾಗ ಆಂಡಿ ಚಿಕ್ಕವನು. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಪೂರ್ಣ ಉದ್ದದ ಸಿನಿಮಾ ಅದು. 1999ರಲ್ಲಿ ಎರಡನೆಯದು. ಲೀ ಅನ್‌ಕ್ರಿಚ್ ನಿರ್ದೇಶನದ ಮೂರನೆಯದರಲ್ಲಿ ಆಂಡಿಗೆ 17 ವರ್ಷ, ಕಾಲೇಜಿಗೆ ಹೊರಟಿದ್ದಾನೆ. ಅವರಮ್ಮ ಬಂದು ರೂಮು ಖಾಲಿ ಮಾಡು ಅನ್ನುತ್ತಾಳೆ. ಕಾಲೇಜಿಗೆ ಯಾವುದು, ಅಟ್ಟಕ್ಕೆ ಯಾವುದು, ಕಸಕ್ಕೆ ಯಾವುದು, ವಿಂಗಡಿಸು ಅಂತ. ಪ್ಲಾಸ್ಟಿಕ್ಕಿನ ಹಸಿರು ಸಿಪಾಯಿಗಳು ಕಸದ ಚೀಲ ಕಂಡಿದ್ದೇ ತಡ, ಮೊದಲು ಹೋಗುವವರು ನಾವೇ ಅಂತ ಪ್ಯಾರಾಚೂಟ್ ಬಿಚ್ಚಿಕೊಂಡು ಕಿಟಕಿಯಿಂದ ಹಾರಿಬಿಡುತ್ತಾರೆ. ನಗು ಬರುತ್ತೆ, ಆಮೇಲೆ ಒಂಥರಾ ಸಂಕಟ ಆಗುತ್ತೆ. ಕೌಬಾಯ್ ಗೊಂಬೆ ವುಡಿ ಒಬ್ಬನನ್ನು ಆಂಡಿ ಕಾಲೇಜಿನ ಡಬ್ಬಕ್ಕೆ ಹಾಕುತ್ತಾನೆ. ಉಳಿದವರನ್ನೆಲ್ಲ ಅಟ್ಟಕ್ಕೆ ಸಾಗಿಸಲು ಒಂದು ಕಪ್ಪು ಚೀಲಕ್ಕೆ ತುಂಬುತ್ತಾನೆ. ಚೀಲವನ್ನು ದಾರಿಯಲ್ಲಿ ಬಿಟ್ಟು ತಂಗಿಗೆ ಸಹಾಯ ಮಾಡಲು ಹೋದಾಗ ಅಮ್ಮ ಅದನ್ನು ಕಸ ಅಂದುಕೊಂಡು ಬೀದಿಗೆ ಇಟ್ಟುಬಿಡುತ್ತಾಳೆ.

ಇಲ್ಲಿಗೆ ನಮ್ಮತ್ತೆಯ ಬತ್ತಿ ನಿಂತಿತು. ‘ಒಂದ್ಸಲ ಬಿಚ್ಚಿ ನೋಡಬಾರದಿತ್ತೇನಮ್ಮಾ ಅವಳು?’ ಅಂತ ನನ್ನನ್ನೇ ಕೇಳಿದರು, ಏನೋ ನಾನೇ ಇಟ್ಟುಬಂದವಳ ಹಾಗೆ.

ಅತ್ತೆಯ ತವರು ಮೈಸೂರು. ಮದುವೆಯಲ್ಲಿ ಅವರ ತಾಯಿ ಕೊಟ್ಟ ಪಟ್ಟದ ಗೊಂಬೆ, ರಾಜ ರಾಣಿ ಜೋಡಿ, ಇವತ್ತಿಗೂ ನಮ್ಮ ಅಟ್ಟದ ಟ್ರಂಕಿನಲ್ಲಿದೆ. ಪ್ರತಿ ದಸರೆಗೆ ಇಳಿಸುವುದು, ಸೀರೆ ಪಂಚೆ ಉಡಿಸುವುದು, ಒಂಬತ್ತು ದಿನ ಕೂರಿಸುವುದು, ವಿಜಯದಶಮಿ ಆದ ಮೇಲೆ ಮಲಗಿಸುವುದು, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಮತ್ತೆ ಟ್ರಂಕಿಗೆ. ಹಾಗಾಗಿ ಅಟ್ಟ ಅಂದರೆ ಅವರಿಗೆ ಬೇಡದ್ದನ್ನು ಎಸೆಯುವ ಜಾಗ ಅಲ್ಲ. ಮುಂದಿನ ದಸರೆಯವರೆಗಿನ ನಿದ್ದೆ, ಅಷ್ಟೆ. ಸಿನಿಮಾದಲ್ಲಿ ವುಡಿ ಕೂಡ ಉಳಿದವರಿಗೆ ಅದನ್ನೇ ಹೇಳಿ ಸಮಾಧಾನ ಮಾಡುತ್ತಾನೆ. ಅಟ್ಟದಲ್ಲಿ ಕ್ಷೇಮವಾಗಿರೋಣ, ಆಂಡಿಗೆ ಮುಂದೆ ಮಕ್ಕಳಾದರೆ ಇಳಿಸಬಹುದು ಅಂತ. ನಾನು ಅದನ್ನು ಅತ್ತೆಗೆ ಹೇಳಿದೆ. ಅವರು ಒಂದು ಕ್ಷಣ ಯೋಚನೆ ಮಾಡಿ, ‘ಇವರ ಮನೇಲಿ ದಸರೆ ಇಲ್ವಲ್ಲ. ಯಾರು ಇಳಿಸ್ತಾರೆ?’ ಅಂದರು. ಈ ಸಿನಿಮಾದ ಎಷ್ಟೋ ವಿಮರ್ಶೆ ಓದಿದ್ದೇನೆ, ಇಷ್ಟು ಚಿಕ್ಕದಾಗಿ ಯಾರೂ ವಿಷಯಕ್ಕೆ ಬಂದಿದ್ದು ಕಾಣೆ.

ನಡುವಿನ ಭಾಗ ಪೂರ್ತಿ ಓಡಾಟ. ಗೊಂಬೆಗಳು ಸನ್ನಿಸೈಡ್ ಅನ್ನುವ ಶಿಶುವಿಹಾರಕ್ಕೆ ಹೋಗಿ ಸೇರುತ್ತವೆ, ಅಲ್ಲಿ ಸ್ಟ್ರಾಬೆರಿ ವಾಸನೆಯ ಲಾಟ್ಸೊ ಅನ್ನುವ ಕರಡಿಯ ದರ್ಬಾರು, ಅಲ್ಲಿಂದ ತಪ್ಪಿಸಿಕೊಳ್ಳುವ ಗಲಾಟೆ. ಮಕ್ಕಳಿಗೆ ಇದೇ ಇಷ್ಟ. ಆದರೆ ಆ ಕರಡಿಯ ಹಿಂದಿನ ಕಥೆ ಇದೆಯಲ್ಲ, ಅದು ದೊಡ್ಡವರಿಗೆ ಬರೆದದ್ದು. ಡೇಸಿ ಅನ್ನುವ ಪುಟ್ಟ ಹುಡುಗಿಯ ಗೊಂಬೆ ಅದು. ಹೊರಗೆ ಆಡಲು ಹೋದಾಗ ಅವಳಿಗೆ ನಿದ್ದೆ ಬಂತು, ಅಪ್ಪ ಅಮ್ಮ ಅವಳನ್ನು ಎತ್ತಿಕೊಂಡು ಹೋದರು, ಗೊಂಬೆಗಳು ಅಲ್ಲೇ ಉಳಿದವು. ಲಾಟ್ಸೊ ಹೇಗೋ ದಾರಿ ಹುಡುಕಿ ಮನೆಗೆ ಬಂದು ಕಿಟಕಿಯಲ್ಲಿ ಇಣುಕಿದರೆ ಡೇಸಿಯ ಕೈಯಲ್ಲಿ ತನ್ನ ಹಾಗೇ ಇರುವ ಇನ್ನೊಂದು ಕರಡಿ. ಅಷ್ಟೇ. ಜೊತೆಯಲ್ಲಿದ್ದ ಇನ್ನೊಂದು ಗೊಂಬೆ, ಪಾಪುವಿನ ರೂಪದ್ದು, ಅದರ ಜಾಗಕ್ಕೆ ಯಾರೂ ಬಂದಿರಲಿಲ್ಲ, ಆದರೂ ‘ಅವಳು ನಮ್ಮೆಲ್ಲರ ಜಾಗಕ್ಕೂ ಬೇರೆಯವರನ್ನು ತಂದುಕೊಂಡಳು’ ಅಂತ ಸುಳ್ಳು ಹೇಳಿ ಅದನ್ನೂ ಎಳೆದುಕೊಂಡು ಹೊರಟುಬಿಟ್ಟಿತು. ಮಕ್ಕಳು ದೂರ ಹೋದ ಮೇಲೆ ಕಹಿಯಾಗಿಬಿಟ್ಟ ಹಿರಿಯರನ್ನು ನಾವು ನೋಡಿಲ್ವಾ? ಮಗ ಫೋನ್ ಮಾಡಲಿಲ್ಲ ಅಂತ ಸೊಸೆಯನ್ನೂ ಮೊಮ್ಮಕ್ಕಳನ್ನೂ ಸೇರಿಸಿ ದೂರುವವರು? ನನಗಂತೂ ಆ ಕರಡಿಯಲ್ಲಿ ನಮ್ಮ ಬೀದಿಯ ಇಬ್ಬರು ಕಂಡರು. ಇನ್ನು ಹತ್ತು ವರ್ಷಕ್ಕೆ ನಾನೇ ಮೂರನೆಯವಳಾದರೂ ಆಗಬಹುದು.

ಬೆಂಕಿಯ ದೃಶ್ಯ ಈ ಸಲ ಪೂರ್ತಿ ನೋಡಿದೆ. ತಪ್ಪಿಸಿಕೊಳ್ಳಲು ದಾರಿ ಇಲ್ಲ ಅಂತ ಗೊತ್ತಾದ ಮೇಲೆ ಗೊಂಬೆಗಳು ಕೂಗಾಡುವುದಿಲ್ಲ, ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತವೆ. ಪಕ್ಕಕ್ಕೆ ನೋಡಿದರೆ ನಮ್ಮವನು, ಅವತ್ತು ಸೆರಗಿನಲ್ಲಿ ಅಡಗಿದವನು, ಬಾಳೆಚಿಪ್ಸ್ ತಿನ್ನುತ್ತಾ ‘ಕ್ರೇನ್ ಬರುತ್ತೆ ಅಮ್ಮ, ಹೆದರಬೇಡ’ ಅಂದ.

ಈಗ ಕೊನೆ. ಗೊಂಬೆಗಳು ಬದುಕಿ ವಾಪಸ್ ಬಂದು ಸೇರಿದ ಡಬ್ಬದ ಮೇಲೆ ಬಾನಿ ಅನ್ನುವ ಪುಟ್ಟ ಹುಡುಗಿಯ ವಿಳಾಸ ಇರುತ್ತದೆ. ಬರೆದದ್ದು ವುಡಿ, ಆದರೆ ಆಂಡಿ ಅಮ್ಮ ಬರೆದದ್ದು ಅಂದುಕೊಳ್ಳುತ್ತಾನೆ. ಕಾರು ತೆಗೆದುಕೊಂಡು ಅವಳ ಮನೆಗೆ ಹೋಗುತ್ತಾನೆ. ಡಬ್ಬ ಇಟ್ಟು ವಾಪಸ್ ಬರಬಹುದಿತ್ತು ಅಲ್ವಾ? ಬರುವುದಿಲ್ಲ. ಹುಲ್ಲಿನ ಮೇಲೆ ಮೊಣಕಾಲೂರಿ ಕೂತು ಒಂದೊಂದೇ ಗೊಂಬೆಯನ್ನು ತೆಗೆದು ಇವಳು ಯಾರು, ಇವನಿಗೆ ಏನು ಬರುತ್ತೆ ಅಂತ ಪರಿಚಯ ಮಾಡಿಕೊಡುತ್ತಾನೆ. ಎಲ್ಲ ಮುಗಿಯಿತು ಅಂದುಕೊಂಡಾಗ ಡಬ್ಬದ ತಳದಲ್ಲಿ ವುಡಿ. ಅವನು ಅಲ್ಲಿ ಇರಬಾರದಿತ್ತು, ಕಾಲೇಜಿನ ಡಬ್ಬದಲ್ಲಿರಬೇಕಿತ್ತು. ಬಾನಿ ಖುಷಿಯಿಂದ ಕೈ ಚಾಚುತ್ತಾಳೆ. ಆಂಡಿ ಗಬಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಅರ್ಧ ಸೆಕೆಂಡೂ ಇಲ್ಲ ಅದು. 17 ವರ್ಷದ ಹುಡುಗನ ಕೈ ಅದು, ಮೂರು ವರ್ಷದವನ ಹಾಗೆ ‘ನಂದು’ ಅನ್ನುತ್ತದೆ. ತಾನು ಮಾಡಿದ್ದು ನೋಡಿ ತನಗೇ ನಾಚಿಕೆ. ಆಮೇಲೆ ವುಡಿಯ ಬಗ್ಗೆ ಹೇಳಲು ಶುರು ಮಾಡುತ್ತಾನೆ.

ಅಲ್ಲಿಯವರೆಗೆ ಅತ್ತೆಗೆ ನಾನೇ ಪಿಸುಪಿಸು ಅಂತ ಕನ್ನಡದಲ್ಲಿ ಹೇಳುತ್ತಾ ಇದ್ದೆ. ಇಲ್ಲಿ ನನ್ನ ಗಂಟಲು ಕಟ್ಟಿತು. ಅತ್ತೆ ‘ಏನಂತೆ, ಏನಂತೆ?’ ಅಂತ ಭುಜ ಅಲ್ಲಾಡಿಸಿದರು. ನಮ್ಮವನು ಟೀವಿಯಿಂದ ಕಣ್ಣು ತೆಗೆಯದೆ ‘ಇವನು ತುಂಬಾ ಧೈರ್ಯವಂತನಂತೆ ಅಜ್ಜಿ. ಯಾವತ್ತೂ ನಮ್ಮ ಕೈ ಬಿಡಲ್ವಂತೆ’ ಅಂದ. ಮಾರನೇ ದಿನ ಬೆಳಗ್ಗೆ ಆರಕ್ಕೆ ಅವನ ಬಸ್ಸು.

ಇನ್ನೊಂದು ಚಿಕ್ಕ ಜಾಗ ಇದೆ, ಮಕ್ಕಳಿಗೆ ಕಾಣಿಸುವುದೇ ಇಲ್ಲ. ಆಂಡಿಯ ಅಮ್ಮ ಏನೋ ಮಾತಾಡುತ್ತಾ ಅವನ ರೂಮಿಗೆ ಬರುತ್ತಾಳೆ. ರೂಮು ಖಾಲಿ. ಮಾತು ಅರ್ಧಕ್ಕೇ ನಿಂತು ಎದೆ ಮೇಲೆ ಕೈ ಹೋಗುತ್ತದೆ. ಖಾಲಿ ಮಾಡು ಅಂತ ಅಷ್ಟು ದಿನದಿಂದ ಜೀವ ತಿಂದವಳು ಅವಳೇ! ನಾನೂ ‘ಆ ಬೀರು ಕ್ಲೀನ್ ಮಾಡು’ ಅಂತ ತಿಂಗಳಿಂದ ಬೈದಿದ್ದೆ.

ಆಂಡಿಗೆ 1995ರಲ್ಲಿ ದನಿ ಕೊಟ್ಟ ಹುಡುಗ ಜಾನ್ ಮಾರಿಸ್. 2010ರಲ್ಲೂ ಅವನೇ. ಗೊಂಬೆ ಬಿಟ್ಟುಕೊಡುವ ಹುಡುಗನ ದನಿಯೂ ನಿಜವಾಗಿ ಒಡೆದು ದೊಡ್ಡದಾಗಿದೆ ಅಂತ ತಿಳಿದಾಗ ಆ ದೃಶ್ಯ ಇನ್ನೂ ಒಂದು ಕೈ ಜಾಸ್ತಿ ಹಿಡಿಸಿತು. ಆಸ್ಕರ್‌ನವರು ಇದನ್ನು ಅನಿಮೇಷನ್ ಪ್ರಶಸ್ತಿ ಕೊಟ್ಟು ಸುಮ್ಮನಾಗಲಿಲ್ಲ, ಅತ್ಯುತ್ತಮ ಚಿತ್ರದ ನಾಮನಿರ್ದೇಶನದ ಸಾಲಿನಲ್ಲೂ ದೊಡ್ಡವರ ಸಿನಿಮಾಗಳ ಪಕ್ಕದಲ್ಲಿ ಕೂರಿಸಿದರು. ಅದಕ್ಕೆ ಮುಂಚೆ ಆ ಸಾಲಿಗೆ ಹೋದ ಅನಿಮೇಷನ್ ಚಿತ್ರಗಳು ಎರಡೇ. ನಾವು ಮಾತ್ರ ರಿಮೋಟ್ ಕೊಟ್ಟು ಎದ್ದು ಹೋಗುವ ಲೆಕ್ಕಕ್ಕೆ ಹಾಕಿದ್ದೇವೆ.

(2019ರಲ್ಲಿ ನಾಲ್ಕನೆಯದೂ ಬಂತು. ಬಾನಿ ಹತ್ತಿರ ಆಂಡಿ ಮಾತು ತೆಗೆದುಕೊಂಡು ಹೋಗಿದ್ದನಲ್ಲ, ಇವರನ್ನೆಲ್ಲ ಚೆನ್ನಾಗಿ ನೋಡಿಕೋ ಅಂತ? ಅದರಲ್ಲಿ ವುಡಿ ಬೀರುವಿನಲ್ಲಿ ಧೂಳು ಹಿಡಿದು ಕೂತಿರುತ್ತಾನೆ. ಚಿತ್ರ ಕೆಟ್ಟದಾಗಿಲ್ಲ. ಆದರೆ ಮದುವೆ ಮುಗಿದು ಊಟ ಮಾಡಿ ತಾಂಬೂಲ ತಗೊಂಡ ಮೇಲೆ ಮತ್ತೆ ಛತ್ರಕ್ಕೆ ಕರೆದ ಹಾಗಿತ್ತು ನನಗೆ.)

ಹೇಳಲೇಬೇಕಾದ ಇನ್ನೊಂದು ಮಾತು. ಅವತ್ತು ರಾತ್ರಿ ನನ್ನ ಮಗ ಕನ್ನಡದಲ್ಲಿ ಹೇಳಿದ ಆ ಎರಡು ಸಾಲನ್ನು ಆಂಡಿಯ ಬಾಯಲ್ಲೇ ಕನ್ನಡದಲ್ಲಿ ಕೇಳುವಂತಿದ್ದರೆ ನಮ್ಮತ್ತೆಯಂಥ ಎಷ್ಟು ಜನ ಕೂತು ನೋಡುತ್ತಿದ್ದರು! 2010ರಲ್ಲಿ ಅದು ಕನಸು. ಡಬ್ಬಿಂಗ್ ಬಂದರೆ ನಮ್ಮವರ ಕೆಲಸ ಹೋಗುತ್ತೆ ಅಂತ ಕನ್ನಡ ಚಿತ್ರರಂಗದವರು ದಶಕಗಟ್ಟಲೆ ತಡೆದಿದ್ದರು. ಆ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ 2015ರಲ್ಲಿ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಆಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಹಾಗೆ ತಡೆಯುವುದು ಸರಿಯಲ್ಲ ಅಂದ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು, 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಷನ್ ಚಿತ್ರ ಕನ್ನಡದಲ್ಲೇ ಬಂತು. ಜೇಡ ಹುಡುಗ ಕನ್ನಡ ಮಾತಾಡಬಹುದಾದರೆ ಮನೆ ಬಿಟ್ಟು ಹೊರಟ ಹುಡುಗ ಮಾತಾಡಬಾರದಾ? ಗೊಂಬೆಗಳಿಗೆ ದನಿ ಕೊಡಲು ನಮ್ಮ ರಂಗಭೂಮಿಯಲ್ಲಿ ಕಲಾವಿದರಿಗೇನು ಬರ ಇಲ್ಲ.

ನಮ್ಮ ಮನೆಯ ಡಬ್ಬದ ಕಥೆ ಹೇಳಿ ಮುಗಿಸುತ್ತೇನೆ. ಸಿನಿಮಾ ಮುಗಿದ ಮೇಲೆ ಇವನು ಬೀರುವಿನ ತಳದಿಂದ ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ಎಳೆದ. ಹಳದಿ ಜೇಸೀಬಿ, ಬ್ಯಾಟು, ತಲೆ ಇಲ್ಲದ ಇಬ್ಬರು ಸೂಪರ್‌ಹೀರೋಗಳು. ರಾತ್ರಿ ಹತ್ತಕ್ಕೇ ಹೋಗಿ ನಮ್ಮ ಬೀದಿ ಕೊನೆಯಲ್ಲಿ ಇಸ್ತ್ರಿ ಮಾಡುವವರ ಮಗನಿಗೆ ಕೊಟ್ಟು ಬಂದ. ‘ಈ ಜೇಸೀಬಿ ಬಲಕ್ಕೆ ತಿರುಗಲ್ಲ, ಎಡಕ್ಕೇ ಓಡಿಸಬೇಕು’ ಅಂತ ಹೇಳಿಕೊಟ್ಟನಂತೆ, ಆಮೇಲೆ ಅವರಮ್ಮ ನನಗೆ ಹೇಳಿದ್ದು. ಒಂದು ರೈಲು ಮಾತ್ರ ಡಬ್ಬದಲ್ಲಿ ಉಳಿಯಿತು. ಚನ್ನಪಟ್ಟಣದ್ದು, ಅರಗಿನ ಬಣ್ಣದ್ದು, ಒಂದು ಚಕ್ರ ಇಲ್ಲ. ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ನೋಡಿದ, ಏನೂ ಮಾಡದೆ ಮಂಚದ ಮೇಲಿಟ್ಟು ಮಲಗಿದ. ಬೆಳಗ್ಗೆ ಅವನು ಹೋದ ಮೇಲೆ ನೋಡಿದರೆ ಅತ್ತೆ ಅದನ್ನು ಪಂಚೆ ತುಂಡಿನಲ್ಲಿ ಸುತ್ತುತ್ತಾ ಕೂತಿದ್ದರು. ಟ್ರಂಕಿಗೆ ಹೋಯಿತು. ದಸರೆಗೆ ಅವನು ರಜೆಯಲ್ಲಿ ಬಂದಾಗ ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ, ರೈಲು ಕೊನೆಯ ಮೆಟ್ಟಿಲಲ್ಲಿ, ಶೆಟ್ಟಿ ಅಂಗಡಿಯ ಗೊಂಬೆಗಳ ಪಕ್ಕ. ಇವನು ಫೋಟೋ ತೆಗೆದುಕೊಂಡ. ಏನೂ ಅನ್ನಲಿಲ್ಲ.

ಸಂಪಾದಕರೇ, ಮುಂದಿನ ರಜೆಗೂ ಪಟ್ಟಿ ಹಾಕಿ, ಮಕ್ಕಳ ಪುಟದಲ್ಲೇ ಹಾಕಿ, ನನ್ನ ತಕರಾರಿಲ್ಲ. ಆ ರಿಮೋಟಿನ ಸಾಲು ತೆಗೆದು ‘ಮನೆಮಂದಿಯೆಲ್ಲ ಜೊತೆಗೆ ಕೂರಿ, ಅಜ್ಜಿಗೆ ಯಾರಾದರೂ ಕನ್ನಡದಲ್ಲಿ ಹೇಳುತ್ತಾ ಇರಿ’ ಅಂತ ಸೇರಿಸಿದರೆ ಸಾಕು.

— ಒಬ್ಬಳು ಓದುಗಿ, ಹಾಸನ