ಸಹಿಯ ಹಿಂದಿನ ರಾತ್ರಿ ಪಹಣಿ ಓದಿದವರಿಗೆ

ವಕೀಲರ ಕಚೇರಿಯ ಪಾಲುದಾರಿಕೆಯನ್ನು ನಾನು ಬಿಟ್ಟ ಸುದ್ದಿ ತಿಳಿದು ಫೋನ್ ಮಾಡಿದವರಿಗೆ, ಮನೆಗೇ ಬಂದು ಹೋದವರಿಗೆ ನಮಸ್ಕಾರ. ಯಾಕೆ ಬಿಟ್ಟಿದ್ದು, ಈಗಲೇ ಯಾಕೆ ಅನ್ನುವುದು ಹತ್ತಿರದವರಿಗೆಲ್ಲ ಗೊತ್ತಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಬೀಳ್ಕೊಡುಗೆಯ ದಿನ "ಕಾರ್ಪೊರೇಟ್ ವಕೀಲಿಕೆಗೆ ವೈವಿಧ್ಯ ತಂದವರು" ಎಂದು ನನ್ನ ಪರಿಚಯ ಮಾಡಿಕೊಟ್ಟರು. ಆ ಹೊಗಳಿಕೆ ತಪ್ಪು ವಿಳಾಸಕ್ಕೆ ಬಂದಿದೆ. ಸರಿಯಾದ ವಿಳಾಸಕ್ಕೆ ದಾಟಿಸಲು ಈ ಬರಹ.

ಕೆಲಸ ಕಲಿಸಿದ ಹಿರಿಯರಿಗೆ, ಕಕ್ಷಿದಾರ ಕಂಪನಿಗಳ ಕಾನೂನು ವಿಭಾಗದವರಿಗೆ, ಮಧ್ಯರಾತ್ರಿ ನಿರ್ಣಯದ ಕರಡು ತಿದ್ದಿಕೊಟ್ಟ ಕಂಪನಿ ಸೆಕ್ರೆಟರಿಗಳಿಗೆ, ಇ-ಸ್ಟಾಂಪ್‌ಗಾಗಿ ಓಡಾಡಿದ ಹುಡುಗರಿಗೆ, ಲೆಕ್ಕಪತ್ರ ವಿಭಾಗಕ್ಕೆ, ಕಚೇರಿ ಬಾಗಿಲು ಕಾದವರಿಗೆ ಒಟ್ಟಿಗೇ ಕೃತಜ್ಞತೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಉಳಿದ ಜಾಗವೆಲ್ಲ ಒಬ್ಬರಿಗೆ ಬೇಕು.

"ನನ್ನ ಹೆಸರು ಮಾತ್ರ ಹಾಕಬೇಡಿ ಮೇಡಂ" ಅಂದಿದ್ದಾರೆ. ಹಾಕುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ತಾಲ್ಲೂಕು ಕೋರ್ಟಿನಲ್ಲಿ ಕೆಲಕಾಲ ವಕೀಲಿಕೆ ಮಾಡಿ, ಆಮೇಲೆ ಬೆಂಗಳೂರಿನ ಕಾರ್ಪೊರೇಟ್ ತಂಡ ಸೇರಿದವರು ಅವರು. ತಂಡದಲ್ಲಿ ಅವರಿಗೆ ಸಿಕ್ಕ ಕೆಲಸ ಕನ್ನಡ ದಾಖಲೆಗಳ ಸಾರಾಂಶ ಬರೆಯುವುದು. ಕರಾರಿನ ಕರಡು ಬರೆಯುವವರು ಬೇರೆ, ಎದುರು ಪಕ್ಷದವರೊಂದಿಗೆ ಮಾತಾಡುವವರು ಬೇರೆ.

ಒಂದು ಕಾರ್ಖಾನೆಯ ಖರೀದಿ. ಜಿಲ್ಲೆ, ಕಂಪನಿ, ವರ್ಷ ಯಾವುದನ್ನೂ ಹೇಳುವಂತಿಲ್ಲ. ಮಾರನೆಯ ಬೆಳಿಗ್ಗೆ ಸಹಿ ಇತ್ತು, ಜಮೀನಿನ ಹಕ್ಕಿನ ವರದಿ ಸಿದ್ಧವಾಗಿತ್ತು. ಮೂವತ್ತು ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದರು, ಅದರ ನಮೂನೆ 15ರಲ್ಲಿ ಅನುಮಾನಕ್ಕೆ ಎಡೆಯಿರುವ ಒಂದು ನಮೂದೂ ಇರಲಿಲ್ಲ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಮಾರುವವರ ಹೆಸರಿತ್ತು, ಸಾಲ ಮತ್ತು ಇತರರ ಹಕ್ಕು ಬರೆಯುವ 11ನೇ ಕಾಲಂ ಖಾಲಿ ಇತ್ತು. ಭೂಪರಿವರ್ತನೆ ಆದೇಶವೂ ಕಡತದಲ್ಲಿತ್ತು. ಸಾಮಾನ್ಯವಾಗಿ ಪರಿಶೀಲನೆ ಇಲ್ಲಿಗೆ ಮುಗಿಯುತ್ತದೆ. ಅವರು ಮಾತ್ರ ಒಂದು ಸರ್ವೆ ನಂಬರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೂತಿದ್ದರು. ಹಳೆಯ ಪಹಣಿಯೊಂದರಲ್ಲಿ ಆ ನಂಬರಿನ ಜೊತೆ "ಪಿ" ಇತ್ತು.

ಪಿ ಎಂದರೆ ಪೈಕಿ, ದೊಡ್ಡ ಸರ್ವೆ ನಂಬರೊಂದರ ತುಂಡು. ಪೈಕಿ ನಂಬರ್ ಕಂಡರೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವುದರ ಪೈಕಿ? ಎಷ್ಟೋ ಕಡೆ ಸರ್ಕಾರಿ ಗೋಮಾಳದಲ್ಲಿ ಬಡವರಿಗೆ ಜಮೀನು ಮಂಜೂರಾಗಿರುತ್ತದೆ, ಅಳತೆ ಆಗಿರುವುದಿಲ್ಲ. ಅಂಥ ತುಂಡುಗಳಿಗೆ ಪಿ ಅಂಟಿಕೊಳ್ಳುತ್ತದೆ. ಮುಂದೆ ಯಾವಾಗಲೋ ಪೋಡಿ, ದುರಸ್ತಿ (ಅಳೆದು ವಿಂಗಡಿಸಿ ದಾಖಲೆ ತಿದ್ದುವುದು) ಆಗಿ ಹೊಸ ನಂಬರ್ ಬಂದರೆ ಪಿ ಮಾಯ, ಅದರ ಜೊತೆಗೆ ಜಮೀನಿನ ಪೂರ್ವವೂ ಕಣ್ಮರೆ. ಇ.ಸಿ. ಇದನ್ನು ಹೇಳುವುದಿಲ್ಲ. ಇ.ಸಿ. ಕೊಡುವುದು ಉಪನೋಂದಣಾಧಿಕಾರಿ ಕಚೇರಿ, ಅಲ್ಲಿ ಸಿಗುವುದು ನೋಂದಣಿಯಾದ ಪತ್ರಗಳಷ್ಟೇ. ಮಂಜೂರಾತಿ ಕಂದಾಯ ಇಲಾಖೆಯ ಆದೇಶ. ಅಲ್ಲದೆ ಮೂವತ್ತು ವರ್ಷದ ಹುಡುಕಾಟ 1990ರ ದಶಕಕ್ಕೆ ನಿಂತುಬಿಡುತ್ತದೆ. 1960ರ ದಶಕದಲ್ಲಿ ಮಂಜೂರಾಗಿ 70ರ ದಶಕದಲ್ಲಿ ಕೈಬದಲಾದ ಜಮೀನು ಆ ಜಾಲರಿಗೆ ಸಿಕ್ಕುವುದೇ ಇಲ್ಲ.

ಆ ರಾತ್ರಿ ಅವರು ಮೊದಲು ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ವಹಿ) ಮತ್ತು ಸರ್ವೆ ಟಿಪ್ಪಣಿ ಹಿಡಿದು ಮೂಲ ಸರ್ವೆ ನಂಬರ್ ಪತ್ತೆ ಮಾಡಿದರು. ಆಮೇಲೆ ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿಗಳನ್ನು ವರ್ಷದ ಕ್ರಮಕ್ಕೆ ಜೋಡಿಸಿದರು. ಖರೀದಿಯ ದಾಖಲೆಗಳನ್ನೆಲ್ಲ ಇಡುವ ಡೇಟಾ ರೂಮ್‌ಗೆ ಅವನ್ನು ಹಾಕಿದವರು ಫೋನಿನಲ್ಲಿ ಫೋಟೊ ತೆಗೆದು, ಅರ್ಧದಷ್ಟನ್ನು ತಲೆಕೆಳಗಾಗಿ, ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿದ್ದರು. ಹಕ್ಕು ಹೇಗೆ ಬಂತು ಎಂದು ತಿಳಿಸುವ 10ನೇ ಕಾಲಂನ ಎಂ.ಆರ್. ನಂಬರುಗಳನ್ನು ಒಂದೊಂದಾಗಿ ಮ್ಯುಟೇಶನ್ (ಹಕ್ಕು ಬದಲಾವಣೆ) ವಹಿಯ ಪ್ರತಿಗೆ ತಾಳೆ ನೋಡುತ್ತ ಹಿಂದೆ ಹಿಂದೆ ಹೋದರು. ಬೆಳಗಿನ ಜಾವದ ಹೊತ್ತಿಗೆ ದರಖಾಸ್ತು ಮಂಜೂರಾತಿಯ, ಅಂದರೆ ಅರ್ಜಿಯ ಮೇಲೆ ಸರ್ಕಾರ ಜಮೀನು ಕೊಟ್ಟದ್ದರ, ನಮೂದು ಸಿಕ್ಕಿತು. ಮಂಜೂರಾದವರ ಹೆಸರಿನ ಪಕ್ಕ, ಅಂಚಿಗೆ ಒತ್ತಿ ಬರೆದ ಜಾತಿಯ ಸಂಕ್ಷೇಪ. ಸ್ಕ್ಯಾನ್ ಮಾಡುವಾಗ ಅದರ ಅರ್ಧ ಕತ್ತರಿಸಿ ಹೋಗಿತ್ತು. ಉಳಿದರ್ಧದಿಂದ ಅದು ಪರಿಶಿಷ್ಟ ಜಾತಿಯ ಕುಟುಂಬ ಎಂದು ಓದಬಲ್ಲವರು ಆ ಕೋಣೆಯಲ್ಲಿ ಅವರೊಬ್ಬರೇ.

ಗೊತ್ತಿಲ್ಲದವರಿಗೆ: ಕರ್ನಾಟಕದ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಕಾಯ್ದೆ ಬರುವ ಮುಂಚಿನ ಮಾರಾಟವೂ ಮಂಜೂರಾತಿಯ ಷರತ್ತು ಮುರಿದಿದ್ದರೆ 4ನೇ ಕಲಮಿನಂತೆ ಅಸಿಂಧು. 5ನೇ ಕಲಮಿನಡಿ ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ವಾರಸುದಾರರಿಗೆ ಮರಳಿ ಕೊಡಿಸಬಹುದು. 1984ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕು ಎಂದು ಆಮೇಲೆ ಬಂದ ತೀರ್ಪುಗಳು ಹೇಳಿದಾಗ, 2023ರ ತಿದ್ದುಪಡಿ ಕಾಲಮಿತಿ ಇಲ್ಲ ಎಂದಿತು. ಇಷ್ಟು ವರ್ಷ ಮಾರಬಾರದು ಎಂಬ ಷರತ್ತಿನ ಅವಧಿ ಮಾತ್ರ ಮಂಜೂರಾತಿಯ ಕಾಲದ ನಿಯಮದಂತೆ ಬದಲಾಗುತ್ತದೆ. ಮಂಜೂರಾತಿ ಪತ್ರವಾದ ಸಾಗುವಳಿ ಚೀಟಿಯನ್ನೇ ತರಿಸಿ ಓದಬೇಕು, ಊಹೆಯ ಮೇಲೆ ಬರೆಯುವಂತಿಲ್ಲ.

ಕೋಣೆಯಲ್ಲಿ ಬಂದ ಮೊದಲ ಸಲಹೆ, ಮಾರುವವರಿಂದ ನಷ್ಟ ಭರ್ತಿಯ ವಿಶೇಷ ಖಾತರಿ ಬರೆಸಿಕೊಂಡು ಸಹಿ ಮುಗಿಸೋಣ ಎಂಬುದು. ಅವರು ಒಪ್ಪಲಿಲ್ಲ. ಖಾತರಿಯಿಂದ ದುಡ್ಡು ಬರುತ್ತದೆ, ಹಕ್ಕು ಬರುವುದಿಲ್ಲ. ಕಾರ್ಖಾನೆಯ ದಾರಿಯೇ ಆ ತುಂಡಿನ ಮೇಲಿದ್ದರೆ ದುಡ್ಡು ತಗೊಂಡು ಏನು ಮಾಡುವುದು? ಬೆಳಕು ಹರಿಯುವಷ್ಟರಲ್ಲಿ ಆ ಒಂದು ಸರ್ವೆ ನಂಬರನ್ನು ಅನುಬಂಧದಿಂದ ಹೊರಗಿಟ್ಟು, ಬದಲಿ ದಾರಿಯ ಹಕ್ಕು ಮತ್ತು ಉಪವಿಭಾಗಾಧಿಕಾರಿ ಕಚೇರಿಯ ಹಿಂಬರಹ (ಲಿಖಿತ ಉತ್ತರ) ಎರಡನ್ನೂ ಪೂರ್ವಷರತ್ತಾಗಿ ಸೇರಿಸಿದ ಕರಡು ಮೇಜಿನ ಮೇಲಿತ್ತು. ಇಂಗ್ಲಿಷ್ ಸರಿಯಿಲ್ಲ ಅಂತ ಯಾರಿಗೆ ಕರಡಿನ ಕೆಲಸ ಕೊಡುತ್ತಿರಲಿಲ್ಲವೋ ಅವರದೇ ಕರಡು. ಕೊನೆಗೆ ಕೇಳಿದ್ದು ಇಷ್ಟೇ: "ರಿಸ್ಕ್ ಅಂತ ಮಾತ್ರ ಬರೀಬೇಡಿ ಮೇಡಂ. ವಾರಸುದಾರರಿಗೆ ಹಕ್ಕಿದೆ ಅಂತ ಒಂದು ಸಾಲು ಬರೀರಿ."

ಆ ಸಾಲು ವರದಿಯಲ್ಲಿ ಉಳಿಯಿತು. ಅವರ ಹೆಸರು ಉಳಿಯಲಿಲ್ಲ. ಮೊದಲ ಪುಟದಲ್ಲಿ ತಂಡದವರ ಪಟ್ಟಿ, ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ "ಭಾಷಾಂತರ ನೆರವು". ಇಷ್ಟು ವರ್ಷದ ಮೇಲೂ ಅದು ನೆನಪಾದರೆ ಮೈ ಉರಿಯುತ್ತದೆ. ಓದಲು ಬಾರದವರು ಲೇಖಕರಾದರು, ಓದಿದವರು ನೆರವಾದರು. ಇದಕ್ಕಿಂತ ಮೆತ್ತಗೆ ಹೇಳಲು ನನ್ನಿಂದಾಗದು.

ಇರಲಿ. ಆಮೇಲೆ ವೈವಿಧ್ಯದ ಹೆಸರಿನಲ್ಲಿ ನಡೆದದ್ದೆಲ್ಲ ಅವರ ಪೆನ್ಸಿಲ್ ಗುರುತುಗಳಿಂದ ಶುರುವಾದದ್ದು. ನೇಮಕದ ಪರೀಕ್ಷೆ ಅವರದೇ ರಚನೆ. ಸಂದರ್ಶನ ಕಾಲೇಜಿನ ಹೆಸರಿನಿಂದ ಶುರುವಾದರೆ ಅಲ್ಲಿಗೇ ಮುಗಿದ ಹಾಗೆ. ದೊಡ್ಡ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೀರಾ ಎಂದು ಕೇಳುವುದು, ಸಂಬಳವಿಲ್ಲದೆ ತಿಂಗಳುಗಟ್ಟಲೆ ನಗರದಲ್ಲಿರಲು ಮನೆಯಿತ್ತಾ ಎಂದು ಕೇಳಿದಂತೆ. ಹಾಗಾಗಿ ಮೊದಲು ಬರಹದ ಪರೀಕ್ಷೆ: ಹೆಸರು, ಕಾಲೇಜು ತೆಗೆದು ಸಂಖ್ಯೆ ಮಾತ್ರ ಇಟ್ಟ ಉತ್ತರ ಪತ್ರಿಕೆ, ಒಂದೂವರೆ ಗಂಟೆ. ಷೇರು ಖರೀದಿ ಕರಾರಿನ ನಷ್ಟಭರ್ತಿ ಕಲಮೊಂದನ್ನು ಮೂರು ದೋಷ ಸಮೇತ ಕೊಡುವುದು. ಹೊಣೆಗೆ ಗರಿಷ್ಠ ಮೊತ್ತವಿದೆ ಆದರೆ ಅವಧಿಯಿಲ್ಲ, ನಷ್ಟದ ವ್ಯಾಖ್ಯೆಗೂ ಆ ಪದದ ಬಳಕೆಗೂ ತಾಳೆಯಿಲ್ಲ, ನೋಟಿಸಿನ ದಿನಗಳು ಎರಡು ಜಾಗದಲ್ಲಿ ಎರಡು ಬಗೆ. ಜೊತೆಗೆ ಕನ್ನಡದ ಒಂದು ಕಂದಾಯ ದಾಖಲೆ. ಇಬ್ಬರು ಪ್ರತ್ಯೇಕವಾಗಿ ಅಂಕ ಹಾಕಿದ ಮೇಲೇ ಕೂಡಿ ಮಾತಾಡುವುದು. ಮೊದಲೇ ಮಾತಾಡಿದರೆ ಹಿರಿಯರ ಅಂಕವೇ ಇಬ್ಬರ ಅಂಕವಾಗುತ್ತದೆ. ಉಚ್ಚಾರಣೆಗೆ ಅಂಕವಿಲ್ಲ.

ಎರಡನೆಯದು ಕೆಲಸ ಹಂಚಿಕೆಯ ಹಾಳೆ. ನೇಮಕದಲ್ಲಿ ಬಂದ ವೈವಿಧ್ಯ ಸೋರಿ ಹೋಗುವುದು ಇಲ್ಲಿ. ಪ್ರತಿ ವ್ಯವಹಾರಕ್ಕೂ ನಾಲ್ಕು ಕಾಲಂ: ಮೊದಲ ಕರಡು ಯಾರದು, ಎದುರು ಪಕ್ಷದ ಜೊತೆ ಮಾತಾಡಿದ್ದು ಯಾರು, ನಡಾವಳಿ ಬರೆದುಕೊಂಡದ್ದು ಯಾರು, ಡೇಟಾ ರೂಮ್‌ನಲ್ಲಿ ಯಾರ ಎಷ್ಟು ಗಂಟೆ. ಹೆಣ್ಣುಮಕ್ಕಳ, ಮೊದಲ ತಲೆಮಾರಿನ ವಕೀಲರ ಹೆಸರು ಕೊನೆಯ ಎರಡು ಕಾಲಂನಲ್ಲೇ ಬೀಳುತ್ತಿದ್ದರೆ ಬಡ್ತಿಯ ಹೊತ್ತಿಗೆ "ಸಂಧಾನದ ಅನುಭವ ಸಾಲದು" ಎಂಬ ಉತ್ತರ ಸಿದ್ಧವಿರುತ್ತದೆ. ವರ್ಷದ ಕೊನೆಗೆ ನೋಡಿದರೆ ತಡ, ತಿಂಗಳಿಗೊಮ್ಮೆ ನೋಡಬೇಕು. ಹೆರಿಗೆ ರಜೆಯಲ್ಲೂ ಇದೇ ಕಥೆ. ಕಾನೂನು 26 ವಾರ ಕೊಟ್ಟಿದೆ, ತೊಂದರೆ ರಜೆಯದ್ದಲ್ಲ. ಬೇರೆಯವರ ಕೈಗೆ ಹೋದ ಕಕ್ಷಿದಾರರು ಮರಳಿ ಬರುವುದಿಲ್ಲ. ಕೆಲಸ ಒಪ್ಪಿಸುವ ಟಿಪ್ಪಣಿಯಲ್ಲೇ ಮರಳಿ ಪಡೆಯುವ ದಿನಾಂಕ ಬರೆದು, ಪ್ರತಿಯನ್ನು ಕಕ್ಷಿದಾರರಿಗೂ ಕಳಿಸುವ ಪದ್ಧತಿ ಅವರ ಸಲಹೆ.

ಕಂಪನಿ ಕಾಯ್ದೆಯ 149ನೇ ಕಲಮಿನಂತೆ ಲಿಸ್ಟ್ ಆದ ಕಂಪನಿಗೆ ಒಬ್ಬರಾದರೂ ಮಹಿಳಾ ನಿರ್ದೇಶಕರು ಬೇಕು ಎಂದು ನಾವೇ ಸಲಹೆ ಬರೆದು ಶುಲ್ಕ ಪಡೆಯುತ್ತೇವೆ. ಪಾಲುದಾರಿಕೆಯಾಗಿ ನಡೆಯುವ ವಕೀಲರ ಕಚೇರಿಗೆ ಆ ಕಲಮು ಅನ್ವಯಿಸುವುದಿಲ್ಲ. ಎಂಥ ಅನುಕೂಲ ನೋಡಿ.

ಇನ್ನೊಂದು ಸಾಲಿನ ಕೃತಜ್ಞತೆ ವಕೀಲರ ನೋಂದಣಿ ಶುಲ್ಕದ ಮೊಕದ್ದಮೆ ನಡೆಸಿದವರಿಗೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಾಯ್ದೆಯಲ್ಲಿರುವ 750 ರೂಪಾಯಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ 125ಕ್ಕೆ ನಿಲ್ಲಿಸಿತು. ನೋಂದಣಿಗೆ ಹೋಗುವ ಹುಡುಗರು ಈ ತೀರ್ಪಿನ ಪ್ರತಿ ಜೊತೆಗಿಟ್ಟುಕೊಳ್ಳಿ.

ನಾನು ಎಲ್ಲರಿಗಿಂತ ಹೆಚ್ಚು ಋಣಿಯಾಗಿರುವ ಅವರು ಈಗ ಜಮೀನು ಪರಿಶೀಲನೆಯ ಮುಖ್ಯಸ್ಥೆ. ವರದಿಯ ಮೊದಲ ಪುಟದ ಮೊದಲ ಹೆಸರು ಅವರದು. ದಾಖಲೆ ಓದಿದವರ ಹೆಸರೆಲ್ಲ ಅದೇ ಪುಟದಲ್ಲಿ ಬರಬೇಕು ಎಂಬ ನಿಯಮವನ್ನೂ ಮಾಡಿದ್ದಾರೆ. ಕಿರಿಯರಿಗೆ ಹಳೆಯ ಕೈಬರಹ ಓದುವ ತರಗತಿ ಶುರು ಮಾಡಿದ್ದಾರೆ, ಅದಕ್ಕೆ ಸಾಮಗ್ರಿ ಬೇಕಂತೆ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಪಹಣಿ, ಮ್ಯುಟೇಶನ್ ಪ್ರತಿ, ಸಾಗುವಳಿ ಚೀಟಿ ಇದ್ದವರು ಪ್ರತಿ ಕಳಿಸಿಕೊಟ್ಟರೆ ಉಪಕಾರ. ಹೆಸರು ಮತ್ತು ಸರ್ವೆ ನಂಬರ್ ಮುಚ್ಚಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಸೇರಿಸಿ. ಅಂಚು ಮಾತ್ರ ಕತ್ತರಿಸಬೇಡಿ.