ನಂದಿ ಬೆಟ್ಟದ ಭಾನುವಾರದ ಸವಾರಿ ಮತ್ತು ಹೊಸ ದರದ ಬಗ್ಗೆ ನಮ್ಮ ಸವಾರರಿಗೆ ಪತ್ರ

ದೇವನಹಳ್ಳಿ
12 ನವೆಂಬರ್ 2025

ಆತ್ಮೀಯ ಸವಾರರಿಗೆ ನಮಸ್ಕಾರ.

ನಂದಿ ಬೆಟ್ಟದ ಭಾನುವಾರದ ಸೈಕಲ್ ಸವಾರಿಯನ್ನು ನಿಲ್ಲಿಸುತ್ತಿದ್ದೇವೆ ಎಂದು ಹೋದ ವಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡೇ ಸಾಲು ಹಾಕಿ ಸುಮ್ಮನಾದದ್ದು ನಮ್ಮ ತಪ್ಪು. ಜಯನಗರದಿಂದ, ಯಲಹಂಕದಿಂದ ಕತ್ತಲಲ್ಲೇ ಎದ್ದು ಬಂದು ನಮ್ಮ ಶೆಡ್ಡಿನ ಮುಂದೆ ಚಳಿಗೆ ಕೈ ಉಜ್ಜಿಕೊಳ್ಳುತ್ತ ನಿಂತವರಿಗೆ ಅಷ್ಟು ಚುಟುಕಾಗಿ ವಿಷಯ ತಿಳಿಸಬಾರದಿತ್ತು. ಅದರ ಬೆನ್ನಿಗೇ ಹೊಸ ದರದ ಪಟ್ಟಿಯನ್ನೂ ಕಳಿಸಿದ್ದರಿಂದ ಹಲವರಿಗೆ ಬೇಸರವಾಗಿದೆ, ಕೆಲವರಿಗೆ ಸಿಟ್ಟೇ ಬಂದಿದೆ. ಬಂದ ಮಾತುಗಳನ್ನೆಲ್ಲ ಶೆಡ್ಡು ನಡೆಸುವ ನಾವು ಐದೂ ಜನ ಕೂತು ಓದಿದೆವು. ತಪ್ಪಿದ್ದಲ್ಲಿ ಕ್ಷಮೆ ಕೇಳುತ್ತ, ನಮ್ಮದಲ್ಲದ ತಪ್ಪನ್ನು ನಮ್ಮ ತಲೆಗೆ ಕಟ್ಟಿದಲ್ಲಿ ಅದಕ್ಕೂ ಉತ್ತರ ಹೇಳುತ್ತ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಬದಲಾವಣೆ ಏನೆಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಡಿಸೆಂಬರ್ 6ರಿಂದ ನಮ್ಮ ಸವಾರಿ ಭಾನುವಾರದ ಬದಲು ಶನಿವಾರ ನಡೆಯುತ್ತದೆ ಮತ್ತು ಅದರಲ್ಲಿ ಬೆಟ್ಟದ ಏರು ಇರುವುದಿಲ್ಲ. ದೇವನಹಳ್ಳಿ ಕೋಟೆಯಿಂದ ಹೊರಟು, ಹಳ್ಳಿ ರಸ್ತೆಗಳನ್ನೇ ಹಿಡಿದು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ, ಅಲ್ಲಿಂದ ಮುದ್ದೇನಹಳ್ಳಿ, ಆಮೇಲೆ ದ್ರಾಕ್ಷಿ ತೋಟ ನೋಡಿಕೊಂಡು ಮತ್ತೆ ಶೆಡ್ಡಿಗೆ ಬರುತ್ತೇವೆ. ಎಲ್ಲ ಸೇರಿ ಅರವತ್ತು ಕಿಲೋಮೀಟರ್ ಆಸುಪಾಸು. ತಿಂಗಳ ಕೊನೆಯ ಶನಿವಾರ ಮಾತ್ರ ಸೈಕಲ್‌ಗಳನ್ನು ಟೆಂಪೊದಲ್ಲಿ ಪೆರೇಸಂದ್ರದವರೆಗೆ ಒಯ್ದು ಅಲ್ಲಿಂದ ಗುಡಿಬಂಡೆ ಕೋಟೆಗೆ ತುಳಿಯುತ್ತೇವೆ. ಒಂದು ಸವಾರಿಗೆ ಹದಿನೆಂಟು ಜನರ ಬದಲು ಹದಿನಾಲ್ಕೇ ಜನ. ನಮ್ಮ ಸೈಕಲ್ ತೆಗೆದುಕೊಂಡರೆ 1,350 ರೂಪಾಯಿ ಇದ್ದದ್ದು 1,750 ಆಗುತ್ತದೆ, ಸ್ವಂತ ಸೈಕಲ್ ತಂದವರಿಗೆ 950 ಇದ್ದದ್ದು 1,150 ಆಗುತ್ತದೆ.

ಬೆಟ್ಟವನ್ನು ಬಿಡುವುದು ನಮಗೇನೂ ಸಂತೋಷದ ಕೆಲಸವಲ್ಲ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕಿತ್ತುಹೋಗಿ, ಡಿಸೆಂಬರ್‌ವರೆಗೂ ಬೆಟ್ಟವನ್ನು ಮುಚ್ಚಿದ್ದಾಗಲೂ ನಾವು ಬುಡದವರೆಗೆ ಹೋಗಿ ಮೇಲೆ ನೋಡಿ ಬರುತ್ತಿದ್ದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೇನೆಗೆ ಬೆಟ್ಟದ ಮೇಲಿನ ಕೋಟೆಯನ್ನು ಹಿಡಿಯಲು ಸುಮಾರು ಮೂರು ವಾರ ಬೇಕಾಯಿತು. ನಮ್ಮವರು ಬುಡದಿಂದ ಏಳೂವರೆ ಕಿಲೋಮೀಟರ್ ಏರನ್ನು ಒಂದು ತಾಸಿನೊಳಗೆ ಮುಗಿಸಿ ಮೇಲೆ ಟೀ ಕುಡಿಯುತ್ತಿದ್ದರು ಎಂಬ ಹೆಮ್ಮೆ ನಮಗೂ ಇದೆ. ಆದರೆ ಭಾನುವಾರ ಬೆಳಗಿನ ಆ ರಸ್ತೆ ಈಗ ಸೈಕಲ್ಲಿನವರದ್ದಾಗಿ ಉಳಿದಿಲ್ಲ. ಸೂರ್ಯೋದಯ ನೋಡಲು ಬರುವ ಕಾರು, ಬೈಕುಗಳ ಸಾಲು ಬೆಳಕು ಹರಿಯುವ ಮೊದಲೇ ನಿಂತಿರುತ್ತದೆ, ಗೇಟು ತೆರೆದ ಕೂಡಲೇ ಅಷ್ಟೂ ಒಟ್ಟಿಗೆ ನುಗ್ಗುತ್ತವೆ. ಕಳೆದ ಜುಲೈನ ಒಂದು ಭಾನುವಾರ, ಮಂಜು ಇನ್ನೂ ಬಿಟ್ಟಿರಲಿಲ್ಲ, ನಮ್ಮ ಗುಂಪಿನ ಒಬ್ಬರು ಇಳಿಯುತ್ತಿದ್ದಾಗ ತಿರುವಿನಲ್ಲಿ ಸಾಲು ತಪ್ಪಿಸಿ ಎದುರಿಗೆ ಬಂದ ಕಾರಿನಿಂದ ಪಾರಾಗಲು ಹೋಗಿ ತಡೆಗೋಡೆಗೆ ಬಿದ್ದರು. ಕೊರಳ ಬಳಿಯ ಮೂಳೆ ಬಿರುಕು ಬಿಟ್ಟಿತು. ಕಾರು ನಿಲ್ಲಲಿಲ್ಲ. ಅವರು ಈಗ ಚೆನ್ನಾಗಿದ್ದಾರೆ, ಮತ್ತೆ ಸವಾರಿಗೂ ಬರುತ್ತಿದ್ದಾರೆ, ನಮ್ಮ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಹಾಗೆ ಆಡದೇ ಇದ್ದದ್ದೇ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಅಂದು ಆ ಸೈಕಲ್ಲಿನ ಬ್ರೇಕ್ ಸರಿಯಾಗಿತ್ತು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸಲೇಬೇಕು, ಏಕೆಂದರೆ ಗುಂಪಿನಲ್ಲಿ ಬೇರೆ ರೀತಿಯ ಮಾತೂ ಕೇಳಿಬಂದಿದೆ. ಹಿಂದಿನ ದಿನ ಸಂಜೆಯಷ್ಟೇ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿದ್ದು ನಾನೇ.

ಇನ್ನು ಮೂರು ತಿಂಗಳಿಂದ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆಗೆ ಬರುತ್ತೇನೆ. "ರಸ್ತೆ ಸರ್ಕಾರದ್ದು, ಕಾಲು ನಮ್ಮದು, ಕೋಟೆಗೆ ಟಿಕೆಟ್ ಇಲ್ಲ, ನೀವು ದುಡ್ಡು ತೆಗೆದುಕೊಳ್ಳುವುದು ಯಾತಕ್ಕೆ?" ಈ ಮಾತನ್ನು ನಗುತ್ತ ಕೇಳಿದವರೂ ಇದ್ದಾರೆ, ನಗದೆ ಕೇಳಿದವರೂ ಇದ್ದಾರೆ. ರಸ್ತೆಗೆ ನಾವು ಎಂದೂ ಒಂದು ಪೈಸೆ ಕೇಳಿಲ್ಲ. ದೇವನಹಳ್ಳಿ ಕೋಟೆಯಂತೂ ಊರನ್ನೇ ಒಡಲಲ್ಲಿಟ್ಟುಕೊಂಡ ಕೋಟೆ, ಅದರ ಬಾಗಿಲನ್ನು ಹಾದುಹೋಗಲು ಯಾರಿಗೂ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬೆಳಿಗ್ಗೆ ಒಬ್ಬರೇ ಹೊರಟು ಇದೇ ದಾರಿಯಲ್ಲಿ ಹೋಗಿಬಂದರೆ ನಮಗೆ ಹೊಟ್ಟೆಯುರಿಯೂ ಇಲ್ಲ. ದಾರಿ ಕೇಳಿದರೆ ಹೇಳುತ್ತೇವೆ, ಟ್ಯೂಬಿಗೆ ಗಾಳಿಯನ್ನೂ ಹಾಕಿಕೊಡುತ್ತೇವೆ. ನಾವು ದುಡ್ಡು ಕೇಳುವುದು ದಾರಿಯಲ್ಲಿ ಏನಾದರೂ ಕೈಕೊಟ್ಟಾಗ ಬೇಕಾಗುವ ಸಂಗತಿಗಳಿಗೆ. ಎಲ್ಲವೂ ಸರಿಯಾಗಿ ನಡೆದ ದಿನ ಅವು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ ಖರ್ಚು ಖರ್ಚೇ ಅಲ್ಲವೆಂದು ತೋರುವುದೂ ಸಹಜ.

ಹಿಂದೆ ಬರುವ ಟೆಂಪೊವನ್ನೇ ತೆಗೆದುಕೊಳ್ಳಿ. "ಖಾಲಿ ಗಾಡಿ ಸುಮ್ಮನೆ ಹೊಗೆ ಉಗುಳುತ್ತ ಬರುತ್ತದೆ" ಎಂದು ಒಬ್ಬರು ಬರೆದಿದ್ದಾರೆ. ಅದು ಖಾಲಿ ಬಂದು ಖಾಲಿ ಹೋದರೆ ಅಂದು ಹಬ್ಬವೆಂದೇ ನಾವು ತಿಳಿಯುತ್ತೇವೆ. ಚೈನು ತುಂಡಾದವರು, ಬಿಸಿಲಿಗೆ ತಲೆ ಸುತ್ತಿದವರು, ಕಾರಹಳ್ಳಿ ಕ್ರಾಸ್ ದಾಟುತ್ತಿದ್ದಂತೆ ಮಂಡಿ ಹಿಡಿದುಕೊಂಡವರು ಅದರಲ್ಲೇ ಕೂತು ಬಂದದ್ದು. ಅದರ ಬಾಡಿಗೆ, ಚಾಲಕರ ಕೂಲಿ ಮತ್ತು ಡೀಸೆಲ್ ಸೇರಿ ಒಂದು ಸವಾರಿಗೆ 4,200 ರೂಪಾಯಿ ಆಗುತ್ತಿದ್ದದ್ದು ಈಗ 5,500 ಆಗಿದೆ. ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು, ಅದನ್ನೇ ನೆಪ ಮಾಡಿಕೊಂಡು ಬಾಡಿಗೆಯವರು ಅದಕ್ಕಿಂತ ಬಹಳ ಹೆಚ್ಚು ಏರಿಸಿದರು. ಆರು ತಿಂಗಳು ಆ ವ್ಯತ್ಯಾಸವನ್ನು ನಾವೇ ನುಂಗಿಕೊಂಡೆವು. ಮೊದಲು ಹದಿನೆಂಟು ಜನರಿಗೆ ಹಂಚಿಹೋಗುತ್ತಿದ್ದ ಖರ್ಚು ಇನ್ನು ಹದಿನಾಲ್ಕು ಜನರ ಮೇಲೆ ಬೀಳುತ್ತದೆ ಎಂಬುದೂ ನಿಜ. ಆದರೆ ಹದಿನೆಂಟು ಸೈಕಲ್ ಒಂದೇ ಸಾಲಿನಲ್ಲಿ ಹೊರಟರೆ ಮುಂದಿನವರಿಗೂ ಹಿಂದಿನವರಿಗೂ ನಡುವೆ ಎರಡು ಹಳ್ಳಿ ಬಿದ್ದಿರುತ್ತವೆ, ಇಬ್ಬರು ಮಾರ್ಗದರ್ಶಕರಿಂದ ಅಷ್ಟು ಉದ್ದದ ಗುಂಪನ್ನು ಕಾಯಲಾಗುವುದಿಲ್ಲ ಎಂಬುದನ್ನು ಜುಲೈ ನಮಗೆ ತೋರಿಸಿತು.

ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆಯಲ್ಲ, ಹಾಗಿದ್ದರೆ ನಿಮ್ಮ ದರವೂ ಇಳಿಯಬೇಕಿತ್ತು, ಏರಿದ್ದು ಹೇಗೆ ಎಂಬುದು ಅದೇ ಪ್ರಶ್ನೆಯ ಇನ್ನೊಂದು ರೂಪ. ಇದು ನ್ಯಾಯವಾದ ಪ್ರಶ್ನೆಯೇ, ಆದರೆ ಆ ಇಳಿಕೆಯಿಂದ ನಮಗೆ ಹೆಚ್ಚು ಲಾಭವಾಗಿಲ್ಲ. ತೆರಿಗೆ ಇಳಿದದ್ದು ಇನ್ನು ಮುಂದೆ ಕೊಳ್ಳುವವರಿಗೆ. ನಮ್ಮ ಇಪ್ಪತ್ತೆರಡು ಸೈಕಲ್‌ಗಳನ್ನೂ ಕೊಂಡದ್ದು ಶೇ 12 ಇದ್ದಾಗ, ಅದರ ಸಾಲದ ಕಂತು ಇಂದಿಗೂ ಹಳೆಯ ಬೆಲೆಯ ಮೇಲೇ ಹೋಗುತ್ತಿದೆ. ಬಿಡಿಭಾಗಗಳ ಮೇಲೆ ಇಳಿದದ್ದು ಉಂಟು. ಆದರೆ ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಟೈರು ಮತ್ತು ಟ್ಯೂಬು, ಅವುಗಳಿಗೆ ಮೊದಲಿನಿಂದಲೂ ಶೇ 5 ಇದ್ದದ್ದರಿಂದ ಅಲ್ಲಿ ಕಾಸಿನ ವ್ಯತ್ಯಾಸವೂ ಆಗಲಿಲ್ಲ. ನಮ್ಮ ವಾರ್ಷಿಕ ವಹಿವಾಟು 20 ಲಕ್ಷದ ಮಿತಿಯೊಳಗೇ ಇರುವುದರಿಂದ ನಿಮ್ಮ ಬಿಲ್ಲಿನ ಮೇಲೆ ನಾವು ಜಿಎಸ್‌ಟಿ ಹಾಕುವುದಿಲ್ಲ. ಹಾಗಾಗಿ ನಾವು ಕೊಳ್ಳುವ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಎಲ್ಲಿಯೂ ಹಿಂದಕ್ಕೆ ಪಡೆಯಲಾಗುವುದಿಲ್ಲ, ಅದು ನಮ್ಮ ಗಂಟಿನಿಂದಲೇ ಹೋಗುತ್ತದೆ. ಬೆಟ್ಟ ಬಿಟ್ಟರೆ ಬ್ರೇಕ್ ಪ್ಯಾಡಿನ ಖರ್ಚು ಉಳಿಯುತ್ತದೆಯಲ್ಲವೇ ಎಂದರೆ ಹೌದು, ಉಳಿಯುತ್ತದೆ. ಬೆಟ್ಟದಿಂದ ಆಗಷ್ಟೇ ಇಳಿದ ಸೈಕಲ್ಲಿನ ಡಿಸ್ಕಿನ ಮೇಲೆ ಒಂದು ಹನಿ ನೀರು ಬಿದ್ದರೆ ಚುರ್ ಎನ್ನುತ್ತದೆ. ಅಷ್ಟು ಬಿಸಿಗೆ ಪ್ಯಾಡುಗಳು ಬೇಗ ಸವೆಯುತ್ತಿದ್ದವು. ಆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿದ ಮೇಲೆಯೇ 1,750 ಎಂದು ಗೊತ್ತುಮಾಡಿದ್ದೇವೆ.

ದರದಲ್ಲಿ ಹೊಸದಾಗಿ ಸೇರಿದ್ದು ಒಂದೇ, ದ್ರಾಕ್ಷಿ ತೋಟದವರಿಗೆ ಕೊಡುವ ಹಣ. ಇದುವರೆಗೆ ಅವರು ನಮ್ಮಿಂದ ಏನನ್ನೂ ತೆಗೆದುಕೊಂಡಿರಲಿಲ್ಲ, ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳುತ್ತಿದ್ದರು. ನಾವೂ ಅಷ್ಟಕ್ಕೇ ಬಿಟ್ಟದ್ದು ನಾಚಿಕೆಯ ವಿಷಯ. ಅಲ್ಲಿಯದು ಕಲ್ಲುಕಂಬ ನೆಟ್ಟು, ಮೇಲೆ ತಂತಿ ಎಳೆದು ಹಬ್ಬಿಸಿದ ಚಪ್ಪರ. ಹೆಲ್ಮೆಟ್ ತೆಗೆಯದೆ ಒಳಗೆ ಹೋದರೆ ಗೊಂಚಲುಗಳು ತಲೆಗೆ ಬಡಿಯುತ್ತವೆ. ಕೆಳಗೆ ಹನಿ ನೀರಾವರಿಯ ಪೈಪು ಹರಿದಿರುತ್ತದೆ. ಸೈಕಲ್ ಬೂಟಿನ ಅಡಿಯಲ್ಲಿರುವ ಗಟ್ಟಿ ಕ್ಲೀಟಿಗೆ ಸಿಕ್ಕಿ ಆ ಪೈಪು ಒಂದೇ ಬೇಸಿಗೆಯಲ್ಲಿ ಮೂರು ಕಡೆ ಸೀಳಿತು. "ನೀವು ಬರೋದು ಸಂತೋಷವೇ ಸಾರ್, ಪೈಪು ಮಾತ್ರ ತುಳೀಬೇಡಿ" ಎಂದಷ್ಟೇ ಹೇಳಿ ಅವರೇ ಜೋಡಿಸಿಕೊಂಡರು. ಸುತ್ತಲಿನ ಜಮೀನುಗಳು ಒಂದೊಂದಾಗಿ ಸೈಟುಗಳಾಗುತ್ತಿರುವಾಗ ಇನ್ನೂ ಚಪ್ಪರವನ್ನು ಉಳಿಸಿಕೊಂಡಿರುವ ಮನುಷ್ಯ ಅವರು. ಒಬ್ಬ ಸವಾರರಿಗೆ 150 ರೂಪಾಯಿಯಂತೆ ಇನ್ನು ಮುಂದೆ ಅವರಿಗೆ ಕೊಡುತ್ತೇವೆ. ಈ ಭಾಗವನ್ನು ತೆಗೆದುಹಾಕಿ ದರ ಇಳಿಸಿ ಎಂದರೆ ಅದು ನಮ್ಮಿಂದಾಗದ ಮಾತು. ಮದ್ದು ಹೊಡೆದ ದಿನಗಳಲ್ಲಿ ತೋಟದೊಳಗೆ ಹೋಗುವಂತಿಲ್ಲ, ಅಂದು ಆ 150 ರೂಪಾಯಿಯನ್ನು ನಿಮಗೇ ಹಿಂದಿರುಗಿಸುತ್ತೇವೆ.

ತೋಟವೆಂದ ಮೇಲೆ ವೈನ್ ಎಲ್ಲಿ ಎಂದು ಕೇಳಿದವರಿಗೆ ಉತ್ತರ ಚಿಕ್ಕದು. ಅಲ್ಲಿಂದ ಮತ್ತೆ ಸೈಕಲ್ ತುಳಿದುಕೊಂಡೇ ಹಿಂದಿರುಗಬೇಕು, ಆದ್ದರಿಂದ ಇಲ್ಲ. ಸುಗ್ಗಿಯಿದ್ದರೆ ಬೆಂಗಳೂರು ನೀಲಿ ದ್ರಾಕ್ಷಿ ಸಿಗುತ್ತದೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಯನ್ನು ಅಂಗಡಿಯ ಬೀಜವಿಲ್ಲದ ದ್ರಾಕ್ಷಿಯ ಹಾಗೆ ಅಗಿದು ತಿಂದು "ಹುಳಿ, ಬೀಜ" ಎಂದು ದೂರುವವರನ್ನು ಪ್ರತಿ ವಾರ ನೋಡುತ್ತೇನೆ. ಹಣ್ಣನ್ನು ತುಟಿಗಿಟ್ಟು ಮೆಲ್ಲಗೆ ಒತ್ತಿ: ತಿರುಳು ಜಾರಿ ನಾಲಿಗೆಗೆ ಬೀಳುತ್ತದೆ, ಕಪ್ಪು ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಆ ಘಮ ಊರು ಸೇರುವವರೆಗೂ ಕೈಗವಸಿನಲ್ಲಿರುತ್ತದೆ.

ಹೊಸ ದಾರಿ ಸಪ್ಪೆ, ಏರೇ ಇಲ್ಲದ ಸವಾರಿಗೆ ಗೇರಿನ ಸೈಕಲ್ ಏಕೆ ಎಂಬ ಮಾತೂ ಬಂದಿದೆ. ತುಳಿದು ನೋಡಿ ಆಮೇಲೆ ಹೇಳಿ ಎಂದಷ್ಟೇ ನನ್ನ ವಿನಂತಿ. ಒಂದೇ ದೊಡ್ಡ ಏರಿನ ಬದಲು ಇಲ್ಲಿ ಕೆರೆಯ ಏರಿ, ಹಳ್ಳದ ಇಳಿಜಾರು, ಮತ್ತೆ ಸಣ್ಣ ದಿಬ್ಬ ಹೀಗೆ ಕಾಲಿಗೆ ಬಿಡುವೇ ಸಿಗುವುದಿಲ್ಲ, ಬೆಟ್ಟವೂ ದಾರಿಯುದ್ದಕ್ಕೂ ಒಂದಲ್ಲ ಒಂದು ಕಡೆಯಿಂದ ಕಾಣುತ್ತಲೇ ಇರುತ್ತದೆ. ದೇವನಹಳ್ಳಿಯಲ್ಲಿ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿಯ ಕಾಲದಲ್ಲಿ ಕಲ್ಲಿನದಾಗಿ ಮಾಡಿದ ಕಥೆಯನ್ನು ಬುರುಜಿನ ಮೇಲೆಯೇ ನಿಂತು ಕೇಳಲು ಹಿಂದೆ ಸಮಯವೇ ಇರುತ್ತಿರಲಿಲ್ಲ. ಗೇಟಿನ ಸಾಲು ತಪ್ಪಿಸಬೇಕೆಂಬ ಗಡಿಬಿಡಿಯಲ್ಲಿ ಅದರ ಮುಂದೆಯೇ ಕಣ್ಣುಮುಚ್ಚಿ ಹೋಗುತ್ತಿದ್ದೆವು. ಭೋಗನಂದೀಶ್ವರದ ಕಲ್ಯಾಣಿಯ ಮೆಟ್ಟಿಲಿಗೆ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಅಲ್ಲಿರುವುದೂ ಈಗ ಸಾಧ್ಯ. ಗುಡಿಬಂಡೆಯಲ್ಲಿ ಕಾಲ್ನಡಿಗೆಯಲ್ಲಿ ಕೋಟೆ ಹತ್ತಬೇಕಾಗುತ್ತದೆ, ಕ್ಲೀಟಿನ ಬೂಟಿನಲ್ಲಿ ಆ ಬಂಡೆ ಹತ್ತಲಾಗದು, ಚಪ್ಪಲಿಯನ್ನೋ ಬೇರೆ ಬೂಟನ್ನೋ ಟೆಂಪೊದಲ್ಲಿ ಇಟ್ಟುಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ ಬೆಟ್ಟವೇ ಬೇಕೆನ್ನುವವರಿಗೆ ಬುಧವಾರ ಸೈಕಲ್ ಬಾಡಿಗೆಗೆ ಕೊಡುತ್ತೇವೆ, ಅಂದು ರಸ್ತೆ ಖಾಲಿ ಇರುತ್ತದೆ. ಟೆಂಪೊ ಮಾತ್ರ ಇರುವುದಿಲ್ಲ. ಭಾನುವಾರದ ಸವಾರಿಗೆಂದು ಮುಂಗಡ ಕೊಟ್ಟವರು ಹಳೆಯ ದರದಲ್ಲೇ ಒಂದು ಶನಿವಾರ ಬರಬಹುದು, ಇಲ್ಲವೆ ನವೆಂಬರ್ 30ರೊಳಗೆ ತಿಳಿಸಿದರೆ ಪೂರ್ತಿ ಹಣವನ್ನು ಹಿಂದಿರುಗಿಸುತ್ತೇವೆ. ಶನಿವಾರವೂ ಕೆಲಸವಿರುವ ಸವಾರರಿಗೆ ಈ ಬದಲಾವಣೆಯಿಂದ ಅನ್ಯಾಯವಾಗಿದೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ಕ್ಷಮೆ ಮಾತ್ರ ಇದೆ. ನಿಮ್ಮ ಸೀಟಿನ ಎತ್ತರ ಬರೆದಿಟ್ಟ ಹಳೆಯ ನೋಟ್‌ಬುಕ್ ಹಾಗೆಯೇ ಇದೆ, ಬಂದವರಿಗೆ ಅವರವರ ಅಳತೆಗೆ ಹೊಂದಿಸಿದ ಸೈಕಲ್ಲೇ ಸಿಗುತ್ತದೆ, ಐದು ಗಂಟೆಗೆ ಬಾಗಿಲು ತೆರೆಯುವುದೂ ನಾನೇ. ತಿಂಡಿಗೆ ಇಡ್ಲಿ, ಸುಗ್ಗಿಯಿದ್ದರೆ ದೇವನಹಳ್ಳಿಯ ಚಕ್ಕೋತವೂ ಇರುತ್ತದೆ.

ಜುಲೈನಲ್ಲಿ ಯಾರೋ ಬಿಟ್ಟುಹೋದ ಹಳದಿ ಮಳೆಕೋಟು ಒಗೆದು ಮಡಿಸಿಟ್ಟಿದ್ದೇನೆ. ಯಾರದೆಂದು ತಿಳಿಸಿದರೆ ಶನಿವಾರ ಕೈಗೇ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಶೆಡ್ಡಿನ ಐವರ ಪರವಾಗಿ, ಸೈಕಲ್ ರಿಪೇರಿ ಮತ್ತು ಲೆಕ್ಕ ನೋಡಿಕೊಳ್ಳುವವನು